ಅಮೃತಬಳ್ಳಿ ಕುದಿಸಿದ ಮಳೆಗಾಲ

ಹೋದ ವಾರ ನನ್ನ ಮೊಮ್ಮಗಳನ್ನ ತೊಟ್ಟಿಲಕ್ಕ ಹಾಕಿದ್ವಿ. ಮೈತ್ರಿ ಅಂತ ಹೆಸರಿಟ್ಟೀವಿ. ಹುಟ್ಟಿದಾಗ ಎರಡು ಕಿಲೋ ಮುನ್ನೂರು ಗ್ರಾಂ ಇದ್ಲು, ಅಂಗೈಯಾಗ ಹಿಡಿಯಾಕ ಭಯ ಆಗ್ತಿತ್ತು. ಈಗ ಕಾಲ ಮ್ಯಾಲ ಹಾಕ್ಕೊಂಡು ಎಣ್ಣಿ ಹಚ್ಚಿದ್ರ ಜಾರಿ ಹೋಗೋಹಂಗ ತುಂಬಿಕೊಂಡಾಳ. ನಾ ಕಂಡಕಂಡವರಿಗೆಲ್ಲ ಹೇಳ್ಕೋತ ತಿರುಗಾಕತ್ತೀನಿ. ಹಾಲು ತರಾವ "ಅಮ್ಮಾ, ಇದನ್ನ ನಿನ್ನೆನೂ ಹೇಳಿದ್ರಿ" ಅಂದ. ಅಂದ್ರ ಏನಾತು? ಇವತ್ತೂ ಹೇಳ್ತೀನಿ, ನಾಳೆನೂ ಹೇಳ್ತೀನಿ. ನನ್ನ ಮಗಳು ಸುವರ್ಣಾ ಬದುಕ್ತಾಳೋ ಇಲ್ಲೋ ಅಂತ ಇದ್ದಾಕಿ, ಇವತ್ತು ಒಂದು ಕೂಸಿನ ತಾಯಿ. ನನ್ನ ಬಾಯಿ ಹೆಂಗ ಮುಚ್ಚಬೇಕು?

ತೊಟ್ಟಿಲದ ದಿನ ನಮ್ಮ ಕಮಲಾಪುರದ ಮನಿ ತುಂಬ ಹೆಣ್ಮಕ್ಕಳು. ಹಾಡೋರು ಹಾಡಾಕತ್ತಿದ್ರು. ನಾ ಗುಗ್ಗರಿ ಹಂಚಾಕ ಎದ್ದೆ. ಅಷ್ಟರಾಗ ಹಿತ್ತಲ ಕಡಿಂದ ಒಂದು ವಾಸನಿ ಬಂತು. ಹಸಿ ಬಳ್ಳಿ ಜಜ್ಜಿ ಕುದಿಸಿದ ಕಹಿ ವಾಸನಿ, ಅದರ ಕೂಡ ಶುಂಠಿ, ಮೆಣಸು. ಹೋಗಿ ನೋಡಿದ್ರ ನಮ್ಮಕ್ಕ ಚಂದಮ್ಮ ಒಲಿ ಮುಂದ ಕುಂತು ಬಾಣಂತಿಗೆ ಅಂತ ಅಮೃತಬಳ್ಳಿ ಕಷಾಯ ಕುದಿಸಾಕತ್ತಾಳ. ಸೆರಗಿಲೆ ಪಾತೇಲಿ ಹಿಡದು ಎತ್ತಿಕೊಂಡು ಹೋಗಿ ಗಟಾರಕ್ಕ ಸುರುವಿಬಂದೆ.

"ಹುಚ್ಚು ಹಿಡದದೇನ ಬೇ ನಿನಗ? ಮುಂಜಾನಿಂದ ಕುಂತು ಕುದಿಸೀನಿ!" ಅಂತ ಅಕ್ಕ ಎಲ್ಲರ ಮುಂದೆ ಬೈದ್ಲು. ಬೈಯ್ಲಿ. ಆಕಿಗೆ ನಾ ಇಷ್ಟು ವರ್ಷ ಒಂದು ಮಾತು ಹೇಳಿರಲಿಲ್ಲ. ಮಂದಿ ಹೋದ ಮ್ಯಾಲ ಅವತ್ತು ಹೇಳಿದೆ. ಆಕಿ ಅತ್ತಳು, ನಾನೂ ಅತ್ತೆ. ಆಮ್ಯಾಲ ಅನಿಸ್ತು, ಇದನ್ನ ಬರೆದಿಡಬೇಕು ಅಂತ. ನಾ ನಾಕನೇತ್ತ ತನಕ ಸಾಲಿ ಕಲ್ತಾಕಿ, ತಪ್ಪು ಇರ್ತಾವ. ಆದ್ರ ನಮ್ಮಂಥ ಮನಿ ಭಾಳ ಅವ, ನನ್ನಂಥ ಅವ್ವಗೋಳೂ ಭಾಳ ಅದಾರ.

ಸುವರ್ಣಾನ್ನ ನಮ್ಮಣ್ಣನ ಮಗ ಅಶೋಕಗ ಕೊಟ್ಟೀವಿ. ಅಂವ ಕಲಬುರಗಿ ಸ್ಟೇಶನ್ ಬಜಾರದಾಗ ಒಂದು ಅರಿವಿ ಅಂಗಡಿಯೊಳಗ ಕೆಲಸ ಮಾಡ್ತಾನ. ಮದುವಿ ಆಗಿ ಎರಡನೇ ವರ್ಷಕ್ಕ ಆಕಿ ಕಾಲು ಬಾತವು. ಮುಂಜಾನಿ ಎದ್ದರ ಮಾರಿ ಬಾತಿರ್ತಿತ್ತು. ರಕ್ತ ಕಮ್ಮಿ ಅದ ಅಂತ ಕೆಂಪು ಗುಳಿಗಿ ಕೊಟ್ಟರು, ಗರ್ಭ ನಿಂತದೇನೋ ಅಂತ ನಾವು ಖುಷಿಪಟ್ವಿ. ಕಡೀಗೆ ಉಸಿರು ಹಿಡದಾಗ ದೊಡ್ಡ ದವಾಖಾನಿಗೆ ಒಯ್ದರ ಎರಡೂ ಕಿಡ್ನಿ ಹೋಗ್ಯಾವ ಅಂದ್ರು. ಇಪ್ಪತ್ತಾರು ವರ್ಷದ ಹುಡುಗಿ. ವಾರಕ್ಕ ಎರಡು ಸಲ ಡಯಾಲಿಸಿಸ್. ನಾನು ಕಮಲಾಪುರದ ಸಾಲಿಯೊಳಗ ಬಿಸಿಊಟದ ಅಡಗಿ ಮಾಡ್ತಿದ್ದೆ. ಮುನ್ನೂರು ಮಕ್ಕಳಿಗೆ ಅನ್ನ ಸಾರು ಮಾಡಿ ಹಾಕಾಕಿ, ನನ್ನ ಮಗಳಿಗೆ ದಿನಕ್ಕ ಮೂರು ವಾಟಗ ನೀರಿನ ಮ್ಯಾಲ ಕೊಡಬಾರದು ಅಂತ ಅಳತಿ ಮಾಡಿ ಇಡ್ತಿದ್ದೆ. ಅದರಷ್ಟು ದೊಡ್ಡ ಶಿಕ್ಷಾ ಇನ್ನೊಂದಿಲ್ಲ.

ಕಿಡ್ನಿ ನಂದೇ ಹೊಂದಿತು. ಹೈದರಾಬಾದಿನ ದವಾಖಾನಿಯೊಳಗ ಆಪರೇಶನ್. ಅದಕ್ಕ ಮೊದಲು ನಾಕೈದು ಮಂದಿ ದೊಡ್ಡ ಸಾಹೇಬರು ಒಂದು ಖೋಲ್ಯಾಗ ನನ್ನ ಕೂಡಿಸಿ ಕೇಳಿದ್ರು. ಅವರಾಗ ಒಬ್ಬರು ಬೀದರ ಕಡಿಯವರು, ಕನ್ನಡದಾಗೇ ಕೇಳಿದ್ರು.

"ಕೊಡಾಕ ನಿಮಗ ಯಾರರ ಒತ್ತಾಯ ಮಾಡ್ಯಾರೇನಮ್ಮ?"

"ಹೌದ್ರಿ ಸಾಹೇಬ್ರ, ಮಾಡ್ಯಾರ."

ಎಲ್ಲಾರೂ ಪೆನ್ನು ಕೆಳಗಿಟ್ಟು ನನ್ನ ಮಾರಿ ನೋಡಿದ್ರು. "ಯಾರು?"

"ಆಕಿನ ಹಡದ ಹೊಟ್ಟಿ."

ಬೀದರದವರು ನಕ್ಕು ಉಳಿದವರಿಗೆ ಉರ್ದುದಾಗ ತಿಳಿಸಿ ಹೇಳಿದ್ರು. ಸಹಿ ಆತು. ಆಪರೇಶನ್ ಆತು. ಆಕಿ ಬಲಗಡಿ ಕೆಳಹೊಟ್ಟ್ಯಾಗ ನನ್ನ ಕಿಡ್ನಿ ಕೂಡಿಸಿದ್ರು. ಅವತ್ತೇ ಅದು ಕೆಲಸ ಸುರು ಮಾಡಿತಂತ. ಒಂದು ತಿಂಗಳು ಅಲ್ಲೇ ಇದ್ದು, ಬ್ಯಾಸಗಿ ಬಿಸಲು ಏರೂ ಹೊತ್ತಿಗೆ ನಾವು ಕಲಬುರಗಿಗೆ ಬಂದ್ವಿ. ವಾರವಾರ ರಕ್ತ ತಪಾಸ ಮಾಡಸಬೇಕು, ದವಾಖಾನಿ ಹತ್ತರ ಇರಬೇಕು ಅಂತ ಗಾಜಿಪುರದಾಗ ಖೈರುನ್ನಿಸಾ ಅನ್ನೋ ಮುದುಕಿ ಮನಿಯೊಳಗ ಒಂದು ಖೋಲಿ ಬಾಡಿಗಿ ಹಿಡದ್ವಿ. ಆಕಿನ್ನ ಓಣ್ಯಾಗ ಎಲ್ಲಾರೂ ಖಾಲಾ ಅಂತಿದ್ರು, ನಾವೂ ಹಂಗೇ ಅಂದ್ವಿ. ನಾವು ಗಂಟು ಇಳಿಸಿ ಹತ್ತು ದಿನ ಆಗಿತ್ತೋ ಇಲ್ಲೋ, ಊರು ಬಂದ್ ಆತು.

ಕೊರೋನಾ ಅಂದ್ರ ಏನು ಅಂತ ಯಾರಿಗೂ ಬರೋಬ್ಬರಿ ಗೊತ್ತಿರಲಿಲ್ಲ. ನನಗ ಮಾತ್ರ ನಮ್ಮ ಕಿಡ್ನಿ ಡಾಕ್ಟರು ಕೂಡಿಸಿಕೊಂಡು ಹೇಳಿದ್ರು. ಸಣ್ಣ ವಯಸ್ಸಿನವರು, ಆದ್ರ ಭಾಳ ಸಮಾಧಾನ.

"ಅಮ್ಮಾ, ಮೈಯಾಗ ಕಾವಲದವರು ಇರ್ತಾರ. ಹೊರಗಿಂದ ಏನು ಬಂದ್ರೂ ಹೊಡದು ಹಾಕ್ತಾರ. ನೀವು ಕೊಟ್ಟ ಕಿಡ್ನಿನೂ ಅವರ ಲೆಕ್ಕದಾಗ ಹೊರಗಿಂದೇ. ಎಚ್ಚರಿದ್ರ ಅದನ್ನೂ ಬಿಡಂಗಿಲ್ಲ. ಈ ಗುಳಿಗಿ ಅವ ನೋಡ್ರಿ, ಇವು ಅವರನ್ನ ಮಂಪರದಾಗ ಮಲಗಿಸಿ ಇಡ್ತಾವ. ಒಂದು ಹೊತ್ತೂ ತಪ್ಪಂಗಿಲ್ಲ."

"ಅವರು ಮಲಗಿದಾಗ ಈ ಕೊರೋನಾ ಬಂದ್ರ?"

"ಬರಬಾರದು. ಅದಕ್ಕ ನೀವು ಬಾಗಲದಾಗ ಕುಂದ್ರಬೇಕು."

ಕುಂತೆ. ಖರೇನ ಬಾಗಲದಾಗ ಕುಂತೆ. ಪರಸಿ ಕಲ್ಲಿನ ಛತ್ತಿನ ಖೋಲಿ ಅದು, ಬ್ಯಾಸಗ್ಯಾಗ ಮಧ್ಯಾಹ್ನ ರೊಟ್ಟಿ ಹಂಚಿನಂಗ ಕಾಯ್ತಿತ್ತು. ಒಳಗ ಸುವರ್ಣಾ ಮಾರಿಗೆ ಮಾಸ್ಕ್ ಕಟ್ಟಿಕೊಂಡು ಮಲಗಿರ್ತಿದ್ಲು. ಹೊಸ್ತಿಲದಾಗ ನಾನು, ಹೊಟ್ಟಿ ಮ್ಯಾಲ ಹೊಲಗಿ ಹಾಕಿದ ಗಾಯ ಇನ್ನಾ ತುರಸ್ತಿತ್ತು. ಅಶೋಕ ಅಂಗಳದಾಗೇ ಮಲಗ್ತಿದ್ದ. ನೀರು ಕುದಿಸಿ ಆರಿಸಿ ಕೊಡೂದು, ಭಾಂಡೆ ಬಿಸಿನೀರಾಗ ತೊಳೆಯೂದು, ಮುಂಜಾನಿ ಒಂಬತ್ತಕ್ಕ, ರಾತ್ರಿ ಒಂಬತ್ತಕ್ಕ ಗುಳಿಗಿ. ಇಂಗ್ಲಿಷ್ ಓದಾಕ ಬರಂಗಿಲ್ಲ ನನಗ, ಪಟ್ಟಿಯ ಬಣ್ಣ ನೋಡಿ ಗುರುತು ಹಿಡದಿದ್ದೆ. ಗ್ವಾಡಿ ಮ್ಯಾಲ ಸುಣ್ಣದಕಡ್ಡಿಲೆ ಒಂದೊಂದು ಗುಳಿಗಿಗೆ ಒಂದೊಂದು ಗೆರಿ. ಒಂದು ಗೆರಿನೂ ತಪ್ಪಲಿಲ್ಲ. ಯಾರಾದ್ರೂ ಮಾತಾಡಸಾಕ ಬಂದ್ರ ಅಂಗಳದಾಗಿಂದೇ ಹೊರಳಿಸಿ ಕಳಸ್ತಿದ್ದೆ. ನಮ್ಮ ಬೀಗರು ಒಬ್ಬಾಕಿ ಅಷ್ಟು ದೂರದಿಂದ ಪಾಸ್ ಮಾಡಿಸಿಕೊಂಡು ಬಂದು, ಉಡಿ ತುಂಬಿ ಹೋಗ್ತೀನಿ ಅಂತ ನಿಂತ್ಲು. ನಾ ಅಕ್ಕಿ ತೆಂಗಿನಕಾಯಿ ಅಂಗಳದಾಗೇ ಇಡಿಸಿಕೊಂಡು ನೀರು ಸೈತ ಕೊಡದ ಕಳಿಸಿದೆ. ಇವತ್ತಿಗೂ ಆಕಿ ನನ್ನ ಕೂಡ ಮಾತಾಡಂಗಿಲ್ಲ.

ನೋಡ್ರಿ, ಮಂದಿನೆಲ್ಲಾ ಹೊರಗ ನಿಲ್ಲಿಸಿದಾಕಿ ನಾನು.

ಗುಳಿಗಿ ಮುಗೀತಾ ಬಂದ್ವು. ಹನ್ನೊಂದು ದಿನಕ್ಕಷ್ಟೇ ಉಳದಿದ್ವು. ಹೈದರಾಬಾದಿಂದ ತರಿಸಬೇಕು, ರಾಜ್ಯದ ಗಡಿ ಬಂದ್. ಬಸ್ಸಿಲ್ಲ, ರೈಲಿಲ್ಲ. ಅಶೋಕ ಡಾಕ್ಟರ ಚೀಟಿ ಹಿಡಕೊಂಡು ಊರಾಗಿನ ಒಂದು ಔಷಧ ಅಂಗಡಿನೂ ಬಿಡಲಿಲ್ಲ. ಒಂದು ಕಡೆ ಪೊಲೀಸರು ಚೀಟಿ ನೋಡೂದಕ್ಕಿಂತ ಮೊದಲೇ ಬಾರಸಿದ್ರು. ಬಂದು ಅಂಗಿ ತಗದು ತೋರಸ್ಲಿಲ್ಲ, ಗ್ವಾಡಿಗೆ ಬೆನ್ನು ಹಚ್ಚದ ಕುಂತಾಗ ನನಗ ತಿಳೀತು. ಒಂಬತ್ತು ದಿನ ಉಳದ್ವು. ಏಳು ದಿನ ಉಳದ್ವು. ಗೆರಿ ಹಾಕೂ ಮುಂದ ಉಳದ ಗುಳಿಗಿ ಎರಡೆರಡು ಸಲ ಎಣಿಸ್ತಿದ್ದೆ.

ಖಾಲಾ ಒಂದು ದಿನ ಕಟ್ಟಿಮ್ಯಾಲ ಕುಂತು ಅಡಕಿ ಕತ್ತರಿಸಿಕೋತ ಕೇಳಿದ್ಲು, "ಏನ್ ಶರಣಮ್ಮಾ, ಮಾರಿ ಯಾಕ ಹಿಂಗ ಮಾಡ್ಕೊಂಡಿ?" ಹೇಳಿದೆ. ಆಕಿ ಅಡಕೊತ್ತು ಕೆಳಗಿಟ್ಟಳು.

"ಅರೇ, ಬ್ಯಾಳಿ ಲಾರಿ ನಡದಾವಲ್ಲ! ಕಲಬುರಗಿ ತೊಗರಿಬ್ಯಾಳಿ ಇಲ್ಲಂದ್ರ ಹೈದರಾಬಾದ್ ಮಂದಿ ಏನು ತಿಂತಾರ, ಕಲ್ಲು? ನಮ್ಮ ತಮ್ಮ ಮಕಬೂಲ್ ವಾರಕ್ಕ ಎರಡು ಫೇರಿ ಹೊಡೀತಾನ. ಫಿಕರ್ ಮಾಡಬ್ಯಾಡ."

ಐವತ್ತು ವರ್ಷದ ಮಕಬೂಲ್ ಭಾಯಿ ಲಾರಿ ತುಂಬ ಬ್ಯಾಳಿ ಒಯ್ದು ಇಳಿಸಿ, ದವಾಖಾನಿ ಮುಂದ ಲಾರಿ ನಿಲ್ಲಿಸಿ, ಚೀಟಿ ತೋರಿಸಿ ಮೂರು ತಿಂಗಳ ಗುಳಿಗಿ ತಂದ್ರು. ರಿಂಗ್ ರೋಡಿಗೆ ಅಶೋಕ ನಡಕೋತ ಹೋಗಿ ಇಸಕೊಂಡು ಬಂದ. ಅವತ್ತು ನಮ್ಮ ಹತ್ತರ ಎರಡೇ ದಿನದ್ದು ಉಳದಿದ್ವು. ಗುಳಿಗಿ ಚೀಲ ನಾ ತಲಿಗೆ ಮುಟ್ಟಿಸಿಕೊಂಡೆ.

ಆಮ್ಯಾಲ ಮಳಿ ಹಿಡೀತು. ಕರೀ ಮಣ್ಣಿನ ರಾಡಿ, ಗ್ವಾಡಿಗೆಲ್ಲ ಹಸಿ. ರೋಗನೂ ಮಳಿ ಕೂಡೇ ಓಣಿಯೊಳಗ ಬಂತು. ಎದುರು ಮನಿ ಟೇಲರ್ ಕಾಕಾ ಸೋಮವಾರ ಕೆಮ್ಮಾಕತ್ತಿದ್ರು, ಶುಕ್ರವಾರ ಅವರ ಹೆಣನೂ ಮನಿಗೆ ಬರಲಿಲ್ಲ. ಅಂಬುಲೆನ್ಸ್ ಸಪ್ಪಳ ಕೇಳಿದ್ರ ಸುವರ್ಣಾ ಕಿವಿ ಮುಚ್ಚಿಕೊಳ್ತಿದ್ಲು. ಆಕಿ ಮೈಯಾಗಿನ ಕಾವಲದವರು ಮಲಗ್ಯಾರ ಅನ್ನೋ ಮಾತು ನನ್ನ ತಲಿಯಾಗ ಕುಂತುಬಿಟ್ಟಿತ್ತು. ಎದುರು ಮನಿ ಗಾಳಿ ನಮ್ಮ ಕಿಟಕಿಗೆ ಬರ್ತದ. ಬಾಗಲದಾಗ ಕುಂತು ಗಾಳಿನ್ನ ಹೆಂಗ ತಡೀಲಿ?

ಆಗ ಓಣಿಯೊಳಗ ಎಲ್ಲಾರ ಮನ್ಯಾಗೂ ಕಷಾಯ ಕುದೀತಿತ್ತು. ಕಮಲಾಪುರದಿಂದ ಅಕ್ಕ ಚಂದಮ್ಮ ಫೋನ್ ಮಾಡಿದ್ಲು. "ಇಡೀ ಊರೇ ಅಮೃತಬಳ್ಳಿ ಕುಡೀಲಾಕತ್ತದ ಬೇ. ನಮ್ಮ ಹೊಲದ ಬೇವಿನಗಿಡಕ್ಕ ಹಬ್ಬ್ಯಾದಲ್ಲ, ಅದು. ಮೈಯಾಗ ಮಲಗಿದ ಶಕ್ತಿನೆಲ್ಲ ಎಬ್ಬಸ್ತದ. ನಮ್ಮ ಓಣ್ಯಾಗ ಒಬ್ಬರಿಗೂ ಜ್ವರ ಬಂದಿಲ್ಲ ನೋಡು."

ಬಾಳಿಹಣ್ಣಿನ ಟೆಂಪೋದಾಗ ಬಳ್ಳಿಯ ತುಂಡು ಕಟ್ಟಿ ಕಳಿಸಿದ್ಲು. ಕೆಂಪು ಬಾಳಿಹಣ್ಣಿನ ಗೊನಿ ಒಂದು, ಅದರ ಬಾಜೂಕ ಹಸಿ ಬಳ್ಳಿ ಒಂದು ಕಟ್ಟು. ಬಾಳಿಹಣ್ಣು ಡಾಕ್ಟರಿಗೆ ಕೇಳಿ ಕೊಡಬೇಕು ಅಂತ ಎತ್ತಿಟ್ಟೆ. ನನ್ನ ಜಾಣತನ ನೋಡ್ರಿ, ಹಣ್ಣಿಗೆ ಡಾಕ್ಟರನ್ನ ಕೇಳಬೇಕು ಅನಿಸ್ತು, ಕಷಾಯಕ್ಕ ಅನಿಸಲಿಲ್ಲ. ಯಾಕಂದ್ರ ನಮ್ಮ ಲೆಕ್ಕದಾಗ ಕಷಾಯ ಔಷಧ ಅಲ್ಲ. ಅಂಗಡಿಯಿಂದ ತಂದದ್ದು ಔಷಧ, ಒಲಿ ಮ್ಯಾಲ ಕುದಿಸಿದ್ದು ಮನಿ ಊಟ. ನಮ್ಮವ್ವ ನನಗ ಕುಡಿಸಿದ್ಲು, ನಾ ಸುವರ್ಣಾಗ ಸಣ್ಣಾಕಿದ್ದಾಗ ಮೂಗು ಹಿಡದು ಕುಡಿಸೀನಿ.

ದಿನಾ ಮುಂಜಾನಿ ಬಳ್ಳಿ ಜಜ್ಜಿ, ಶುಂಠಿ ಮೆಣಸು ಹಾಕಿ, ಮೂರು ವಾಟಗ ನೀರು ಒಂದು ವಾಟಗ ಆಗೂತನಕ ಕುದಿಸಿ ಕೊಡ್ತಿದ್ದೆ.

"ಯವ್ವಾ, ವಿಷ ಇದ್ದಂಗ ಅದ," ಅಂತಿದ್ಲು ಸುವರ್ಣಾ.

"ಕಹಿ ಇದ್ರ ವಿಷ ಆಗ್ತದೇನ? ಗಟಾಗಟಾ ಕುಡಿ."

ಕುಡೀತಿದ್ಲು. ನನ್ನ ಮಾತು ಯಾವತ್ತೂ ತಗದು ಹಾಕಿದಾಕಿ ಅಲ್ಲ. ಹದಿನೆಂಟು ದಿನ ಕುಡಿಸಿದೆ. ಆಕಿ ಮಾರಿ ಮ್ಯಾಲ ಕಳಾ ಬಂದಂಗ ಕಾಣ್ತಿತ್ತು ನನಗ.

ಹತ್ತೊಂಬತ್ತನೇ ದಿನ ಆಕಿ ಚಪ್ಪಲಿ ಕಾಲಿಗೆ ಏರಲಿಲ್ಲ.

ನಾ ಆ ಬಾತ ಕಾಲು ನೋಡಿದ್ದೆ, ಮೂರು ವರ್ಷ ನೋಡಿದ್ದೆ. ಹೆಬ್ಬಟ್ಟಿಲೆ ಒತ್ತಿದ್ರ ಕುಣಿ ಬಿತ್ತು, ಮ್ಯಾಲ ಏಳಲಿಲ್ಲ. "ಉಚ್ಚಿ ಆಗಾಕತ್ತದೇನ?" ಅಂತ ಕೇಳಿದೆ. "ನಿನ್ನೆಯಿಂದ ಕಮ್ಮಿ," ಅಂದ್ಲು. ಅಶೋಕ ಯಾರದೋ ಮೋಟರಸೈಕಲ್ ಬೇಡಿ ತಂದ. ಮಳಿಯೊಳಗ ಆಕಿನ್ನ ನಡುವ ಕೂಡಿಸಿಕೊಂಡು ದವಾಖಾನಿಗೆ ಹೋದ್ವಿ. ರಕ್ತದ ರಿಪೋರ್ಟ್ ಬಂತು. ಕ್ರಿಯಾಟಿನಿನ್ ಅಂತ ಒಂದು ಲೆಕ್ಕ ಇರ್ತದ, ಕಿಡ್ನಿ ಹೆಂಗ ಕೆಲಸ ಮಾಡಾಕತ್ತದ ಅಂತ ಅದರಾಗ ತಿಳೀತದ. ಕಮ್ಮಿ ಇದ್ದಷ್ಟು ಚಲೋ. ಓಣಿಯೊಳಗ ರೋಗ ಬಂದ ಮ್ಯಾಲ ಅಂಜಿ ತಪಾಸಕ್ಕ ಹೋಗಿರಲಿಲ್ಲ, ಅದಕ್ಕ ಮೊದಲು ಒಂದು ಪಾಯಿಂಟ್ ಒಂದು ಇತ್ತು. ಅವತ್ತು ಮೂರು ಪಾಯಿಂಟ್ ಆರು.

ಡಾಕ್ಟರು ಮೈತುಂಬ ಪ್ಲಾಸ್ಟಿಕ್ ಅಂಗಿ ಹಾಕ್ಕೊಂಡಿದ್ರು, ಕಣ್ಣು ಸೈತ ಕಾಣ್ತಿರಲಿಲ್ಲ. ದನಿ ಮಾತ್ರ ಗುರುತು ಹಿಡೀಬೇಕು. "ಗುಳಿಗಿ ತಪ್ಪಿಸೀರೇನು?"

"ಇಲ್ರಿ ಸರ್. ಗ್ವಾಡಿ ಮ್ಯಾಲ ಗೆರಿ ಹಾಕೀನ್ರಿ, ಬಂದು ನೋಡ್ರಿ ಬೇಕಾದ್ರ."

"ಬ್ಯಾರೆ ಯಾವುದರ ಔಷಧ ಕೊಟ್ಟೀರೇನು?"

"ಇಲ್ರಿ."

ಖರೇನ ಹೇಳ್ತೀನಿ, ಸುಳ್ಳು ಹೇಳಬೇಕು ಅಂತ ಹೇಳಲಿಲ್ಲ. ಕಷಾಯ ನನ್ನ ನೆನಪಿಗೂ ಬರಲಿಲ್ಲ.

ಅಡ್ಮಿಟ್ ಮಾಡಿಕೊಂಡ್ರು. ಆಕಿ ಕೂಡ ಒಬ್ಬರೇ ಇರಬೇಕು ಅಂದಾಗ ನಾ ನಿಂತೆ. "ನಿಮಗೂ ಒಂದೇ ಕಿಡ್ನಿ ಅದ, ನೆನಪದ ಏನಮ್ಮ?" ಅಂದ್ರು ಡಾಕ್ಟರು. ನೆನಪದ್ರಿ ಅಂದೆ. ಆ ದವಾಖಾನಿಯ ಮ್ಯಾಲಿನ ಮಾಳಗಿ ತುಂಬ ಕೊರೋನಾದವರು, ಕೆಳಗ ಒಂದು ಮೂಲ್ಯಾಗ ನಾವು ಕಿಡ್ನಿಯವರು ಆರು ಮಂದಿ. ಮ್ಯಾಲಿಂದ ಯಾರರ ಮೆಟ್ಟಲಾ ಇಳದು ಬಂದ್ರ ನಾ ಸುವರ್ಣಾನ ಮಾರಿಗೆ ನನ್ನ ಸೆರಗು ಅಡ್ಡ ಹಿಡೀತಿದ್ದೆ. ಮೂಗಿನಾಗ ಕಡ್ಡಿ ಹಾಕಿ ನೋಡಿದ್ರು, ಕೊರೋನಾ ಇಲ್ಲ ಅಂತ ಬಂತು. ಕಿಡ್ನಿಯ ಚೂರು ತಗದು ತಪಾಸಕ್ಕ ಕಳಸಬೇಕಂದ್ರ ಹೈದರಾಬಾದಿಗೇ ಹೋಗಬೇಕು, ಹಾದಿ ಇಲ್ಲ. ಹಿಂಗಾಗಿ ಕಾರಣ ಗೊತ್ತಿಲ್ಲದ ಕತ್ತಲದಾಗ ಕೈಯಾಡಿಸಿದಂಗ ಆತು ಡಾಕ್ಟರಿಗೆ.

ಕಾರಣ ಇಲ್ಲಂದ್ರ ಮಂದಿ ಕಾರಣ ಹುಡಕ್ತಾರ. ಅಶೋಕನ ತಲಿಯಾಗ ಲಾರಿ ಬಂತು. ಲಾರಿ ಕ್ಯಾಬಿನ್ ಬೆಂಕಿ ಇದ್ದಂಗ ಇರ್ತದ, ಗುಳಿಗಿ ಅಲ್ಲೇ ಕೆಟ್ಟು ಹೋಗ್ಯಾವ, ಇಲ್ಲಂದ್ರ ಯಾವನೋ ನಕಲಿ ಕೊಟ್ಟಾನ ಅಂತ ಖಾಲಾನ ಅಂಗಳದಾಗ ನಿಂತು ಒದರ್ಯಾಡಿ ಬಂದನಂತ. ಮರುದಿನ ಮುಂಜಾನಿ ನನಗ ಖಾಲಾ ಫೋನ್ ಮಾಡಿದ್ಲು. ಯಾವಾಗಲೂ ನಗಚಾಟಿಕಿ ಮಾಡಾಕಿ, ದನಿ ಸಣ್ಣಗಾಗಿತ್ತು.

"ಶರಣಮ್ಮಾ, ನೀನೂ ಹಂಗೇ ಅಂತೀಯೇನು? ನಮ್ಮ ಮಕಬೂಲ್ ಆ ಗುಳಿಗಿ ಚೀಲ ತೊಡಿ ಮ್ಯಾಲ ಇಟ್ಟುಕೊಂಡು, ಒದ್ದಿ ಟವೆಲ್ ಸುತ್ತಿಕೊಂಡು ತಂದಾನ. ಹಾದಿಯೊಳಗ ಊಟಕ್ಕ ಸೈತ ಇಳದಿಲ್ಲ."

"ಖಾಲಾ, ಹುಡುಗ ತ್ರಾಸದಾಗ ಅಂದಾನ, ಮನಸಿಗೆ ಹಚ್ಚಿಕೋಬ್ಯಾಡ್ರಿ," ಅಂದೆ. ಅಂದೆ ಖರೆ, ನನ್ನ ಮನಸಿನ್ಯಾಗೂ ಲಾರಿದೇ ಅನುಮಾನ ಇತ್ತು. ಹೇಳಾಕ ನಾಚಿಕಿ ಆಗ್ತದ ಈಗ.

ಅವತ್ತು ಡಾಕ್ಟರು ಬಂದು ಸುವರ್ಣಾನ ಕಾಲಕಡೆ ನಿಂತು ನರ್ಸಮ್ಮಗ ಏನೇನೋ ಇಂಗ್ಲಿಷಿನ್ಯಾಗ ಬರಸಿದ್ರು. ಆಮ್ಯಾಲ ನನ್ನ ಕಡೆ ಹೊರಳಿ, "ಅಮ್ಮಾ, ನಾ ಹೇಳಿದ್ದೆನಲ್ಲ ಕಾವಲದವರು ಅಂತ. ಅವರು ಎಚ್ಚರಾಗಿ ಕಿಡ್ನಿ ಮ್ಯಾಲ ಬಿದ್ದಾರ. ಗುಳಿಗಿ ಬರೋಬ್ಬರಿ ಕೊಟ್ಟೀನಿ ಅಂತೀರಿ. ಹಂಗಾದ್ರ ಅವರನ್ನ ಎಬ್ಬಿಸಿದ್ದು ಏನು ಅಂತ ತಿಳೀವಲ್ದು," ಅಂದ್ರು. ನಾಳೆ ಒಂದು ದೊಡ್ಡ ಸೂಜಿ ಸುರು ಮಾಡ್ತೀವಿ, ಸಹಿ ಬೇಕು ಅಂದ್ರು. ಆ ಸೂಜಿ ಕೊಟ್ರ ಮೈಯಾಗಿನ ಕಾವಲದವರು ಮಲಗೂದಲ್ಲ, ಸತ್ತೇ ಹೋಗ್ತಾರ. ಕಿಡ್ನಿ ಉಳೀಬಹುದು. ಆದ್ರ ಮ್ಯಾಲಿನ ಮಾಳಗಿಯ ರೋಗ ಕೆಳಗ ಒಂದು ಉಸಿರು ಇಳದು ಬಂದ್ರ ಹುಡುಗಿ ಉಳಿಯಂಗಿಲ್ಲ. "ವಿಚಾರ ಮಾಡ್ರಿ," ಅಂತ ಹೇಳಿ ಹೋದ್ರು.

ನಾ ಗ್ವಾಡಿಗೆ ಆನಿಕೊಂಡು ನಿಂತೆ. ಎಬ್ಬಿಸಿದ್ದು ಏನು. ಎಬ್ಬಿಸಿದ್ದು ಏನು. ಆ ಮಾತು ನಾ ಎಲ್ಲೋ ಕೇಳೀನಿ. ಅಕ್ಕನ ದನಿಯೊಳಗ ಕೇಳೀನಿ. ಮೈಯಾಗ ಮಲಗಿದ ಶಕ್ತಿನೆಲ್ಲ ಎಬ್ಬಸ್ತದ.

ಹದಿನೆಂಟು ವಾಟಗ. ನನ್ನ ಕೈಲೇ ಕುದಿಸಿ, ನನ್ನ ಕೈಲೇ ಕುಡಿಸಿ. ಬೀಗರನ್ನ ಅಂಗಳದಾಗಿಂದ ಹೊರಳಿಸಿ ಕಳಿಸಿದಾಕಿ, ಬಾಗಲದಾಗ ಕುಂತಾಕಿ, ನಾನೇ ವೈರಿನ್ನ ಪಾತೇಲ್ಯಾಗ ತುಂಬಿಕೊಂಡು ಒಳಗ ತಂದಿದ್ದೆ. ನನ್ನ ಹತ್ತರ ಕೊಡಾಕ ಇನ್ನೊಂದು ಕಿಡ್ನಿ ಇಲ್ಲ. ಇದ್ದಿದ್ದು ಒಂದು ಆಕಿಗೆ ಕೊಟ್ಟಾಗಿತ್ತು, ಉಳದದ್ದು ಒಂದು ನನ್ನ ಜೀವ ಹಿಡದಿತ್ತು. ಅದನ್ನೂ ತಗೋರಿ ಅಂದ್ರ ಯಾವ ಡಾಕ್ಟರೂ ತಗೊಳ್ಳಂಗಿಲ್ಲ.

ಹೇಳಬೇಕೋ ಬ್ಯಾಡೋ ಅಂತ ಅನಿಸಲಿಲ್ಲ ಅಂದ್ರ ಸುಳ್ಳಾಗ್ತದ. ಅನಿಸ್ತು. ಸುಮ್ಮನಿದ್ರ ಲಾರಿ ಮ್ಯಾಲ ಹೋಗ್ತದ, ಹೇಳಿದ್ರ ಅಶೋಕ ನನ್ನ ಮಾರಿ ನೋಡ್ತಾನೇನು, ಮಗಳು ನನ್ನ ಕೈಯಾಗಿನ ನೀರು ಕುಡೀತಾಳೇನು ಅಂತ ಅನಿಸ್ತು. ಆದ್ರ ಆ ಸೂಜಿಯ ಕಾಗದ ನರ್ಸಮ್ಮನ ಕೈಯಾಗಿತ್ತು, ಸಹಿ ಮಾಡೂ ಜಾಗ ತೋರಸಾಕತ್ತಿದ್ಲು. ನಾ ಪೆನ್ನು ಅಲ್ಲೇ ಇಟ್ಟು ಡಾಕ್ಟರ ಹಿಂದ ಓಡಿದೆ. ಮೆಟ್ಟಲದ ಹತ್ತರ ಸಿಕ್ಕರು.

"ಸರ್, ನಾ ಕಷಾಯ ಕುಡಿಸೀನ್ರಿ. ಅಮೃತಬಳ್ಳಿದು. ಹದಿನೆಂಟು ದಿನ."

ಬೈದಿದ್ರ ಚಲೋ ಇತ್ತು.

"ಎಷ್ಟು ಕುಡಿಸ್ತಿದ್ರಿ?"

"ಒಂದು ವಾಟಗ. ಗಟ್ಟಿದು."

"ಕಡಿಕಿ ಯಾವಾಗ?"

"ಇಲ್ಲಿಗೆ ಬಂದ ಹಿಂದಿನ ದಿನ ಮುಂಜಾನಿ. ಇನ್ನೊಂದು ಕಟ್ಟು ನೀರಾಗ ನೆನಿಯಿಟ್ಟು ಬಂದೀನ್ರಿ, ಅಶೋಕಗ ಹೇಳಿ ಚೆಲ್ಲಸ್ತೀನಿ."

ಅವರು ಗ್ವಾಡಿಗೆ ಕೈ ಹಚ್ಚಿ ನಿಂತ್ರು. "ಅಮ್ಮಾ, ಇದರಿಂದಲೇ ಅಂತ ನೂರಕ್ಕ ನೂರು ಹೇಳಾಕ ಬರಂಗಿಲ್ಲ. ಆದ್ರ ಈಗ ಒಂದು ಎಳಿ ಸಿಕ್ಕಿತು. ದೊಡ್ಡ ಸೂಜಿ ಬ್ಯಾಡ. ಸಣ್ಣದು ಮೂರು ದಿನ ಸಲೈನಿನ್ಯಾಗ ಕೊಡೋಣ. ಎಬ್ಬಿಸೂದು ನಿಂತದ, ಮಲಗ್ತಾರೇನು ನೋಡೋಣ. ಮೂರು ದಿನದಾಗ ಇಳೀಲಿಲ್ಲಂದ್ರ ದೊಡ್ಡದೇ." ಎರಡು ಮೆಟ್ಟಲಾ ಏರಿ ನಿಂತು, "ಇಳದ್ರೂ ಮೊದಲಿನಷ್ಟು ಇಳಿಯೂದು ಕಷ್ಟ. ತಿಳ್ಕೊಂಡಿರ್ರಿ," ಅಂದ್ರು. "ಹೇಳಿದ್ರಲ್ಲ, ಅದು ಚಲೋ ಆತು."

ಅಶೋಕಗ ಫೋನಿನ್ಯಾಗ ಹೇಳಿದೆ. "ಅತ್ತಿ, ನಾ ಖಾಲಾನ ಹತ್ತರ ಹೋಗಿ ಬರ್ತೀನಿ," ಅಂತ ಫೋನ್ ಇಟ್ಟ.

ಸುವರ್ಣಾಗ ಹೇಳೂದು ಎಲ್ಲಕ್ಕಿಂತ ಕಷ್ಟ ಆತು. ಆಕಿ ಬಾತ ಕಾಲು ಒತ್ತಿಕೋತ ಹೇಳಿದೆ, ಮಾರಿ ನೋಡಲಾರದ. ಆಕಿ ಮಾಸ್ಕ್ ಹಿಂದ ಅಳಾಕತ್ತಾಳೋ ಸಿಟ್ಟಾಗ್ಯಾಳೋ ತಿಳೀಲಿಲ್ಲ. ಆಮ್ಯಾಲ ಹೊಟ್ಟಿ ಮ್ಯಾಲ, ಬಲಗಡೆ, ಆ ಹೊಲಗಿ ಮ್ಯಾಲ ಕೈ ಇಟ್ಟುಕೊಂಡ್ಲು.

"ಯವ್ವಾ, ಕಿಡ್ನಿನೂ ನಿಂದು, ಕಷಾಯನೂ ನಿಂದು. ನಿಮ್ಮಿಬ್ಬರ ಜಗಳ ನನ್ನ ಹೊಟ್ಟ್ಯಾಗ ನಡದದ. ನಾ ಯಾರ ಕಡೆ ಆಗ್ಲಿ ಹೇಳು?"

ನನಗ ನಗು ಬರಲಿಲ್ಲ. ಆಕಿ ಕೈ ಹಿಡದು ನನ್ನ ಗಲ್ಲಕ್ಕ ಹಚ್ಚಿಕೊಂಡು, "ಕಿಡ್ನಿ ಕಡೆ ಆಗು ನನ್ನವ್ವಾ," ಅಂದೆ.

ಮೂರು ದಿನ. ಸಲೈನಿನ ಬಾಟ್ಲಿ ನೋಡೂದು, ಹೊರಗ ಮಳಿ ನೋಡೂದು. ನರ್ಸಮ್ಮ ಗೆರಿ ಹಾಕಿದ ಒಂದು ಪ್ಲಾಸ್ಟಿಕ್ ಜಗ್ ಕೊಟ್ಟು, ಎಷ್ಟು ಉಚ್ಚಿ ಆಗ್ತದ ಅಳದು ಹೇಳಬೇಕು ಅಂದಿದ್ಲು. ಮೊದಲನೇ ದಿನ ಇಡೀ ದಿನಕ್ಕ ಜಗ್ಗಿನ ತಳ ಮುಚ್ಚಿತು ಅಷ್ಟೇ, ಚಾದಂಗ ಕಪ್ಪಗ. ರಕ್ತದ ಲೆಕ್ಕ ಮೂರು ಪಾಯಿಂಟ್ ಎಂಟಕ್ಕ ಏರಿತು. ಎರಡನೇ ದಿನ ಬಾಜೂ ಪಲ್ಲಂಗದ ಹೆಣ್ಮಗಳಿಗೆ ಕೆಮ್ಮು ಸುರು ಆಗಿ ಮ್ಯಾಲ ಒಯ್ದರು. ಆಕಿ ಹಾಸಗಿ ಖಾಲಿ ಬಿದ್ದದ್ದು ನೋಡಿ ಸುವರ್ಣಾ ನನ್ನ ಸೆರಗು ಬಿಡಲಿಲ್ಲ. ಅವತ್ತು ಜಗ್ಗಿನ್ಯಾಗ ಎರಡೇ ಗೆರಿ. ಲೆಕ್ಕ ಮೂರು ಪಾಯಿಂಟ್ ಎಂಟರಾಗೇ ನಿಂತಿತ್ತು. "ಏರಿಲ್ಲ," ಅಂದ್ರು ಡಾಕ್ಟರು. ಇಳದಿಲ್ಲ ಅಂತ ಅನ್ನಲಿಲ್ಲ. ನಾ ದೇವರನ್ನ ಬೇಡಲಿಲ್ಲ, ಯಾವ ಮಾರಿ ಇಟ್ಟುಕೊಂಡು ಬೇಡ್ಲಿ? ಆ ಕಿಡ್ನಿಗೇ ಬೇಡಿಕೊಂಡೆ. ಐವತ್ತೆರಡು ವರ್ಷ ನನ್ನ ಹೊಟ್ಟ್ಯಾಗ ಇದ್ದಿದ್ದಿ, ನನ್ನ ಮ್ಯಾಲಿನ ಸಿಟ್ಟು ಆಕಿ ಮ್ಯಾಲ ತಗೀಬ್ಯಾಡ, ಇರು, ಹೋಗಬ್ಯಾಡ ಅಂತ.

ಮೂರನೇ ದಿನ ಮುಂಜಾನಿ ಮಳಿ ನಿಂತು ಬಿಸಲು ಬಿದ್ದಿತ್ತು. ನಾ ಸಂಡಾಸದ ಬಾಗಲಾ ಹಿಡದು ನಿಂತಿದ್ದೆ. ಒಳಗ ಸಪ್ಪಳ ಕೇಳಿಸ್ತು. ನಿಲ್ಲಲಿಲ್ಲ. ನಾ ಉಸಿರು ಹಿಡದು ಕೇಳಿದೆ, ಇನ್ನೂ ನಿಲ್ಲಲಿಲ್ಲ. ಆಕಿ ಹೊರಗ ಬಂದು ಎರಡೂ ಕೈಲೆ ಜಗ್ ಹಿಡದು ನನ್ನ ಕೈಯಾಗ ಕೊಟ್ಟಳು. ಭಾರ ಇತ್ತು. ಬಿಸಿ ಇತ್ತು. ತಿಳಿ ಇತ್ತು, ಜೋಳದ ದಂಟಿನ ಬಣ್ಣ. ಗೆರಿ ಎಣಿಸಿದೆ. ಐದು ಗೆರಿ ದಾಟಿ ಆರನೇ ಗೆರಿಗೆ ಹತ್ತಿತ್ತು.

"ನರ್ಸಮ್ಮಾ!" ಅಂತ ಒದರಿದೆ. ಆಕಿ ಬರೂತನಕ ಹಂಗೇ ನಿಂತೆ. ಆಕಿ ಬಂದು ಬಗ್ಗಿ ನೋಡಿ, "ಆರುನೂರು ಅಮ್ಮಾ, ಒಂದೇ ಸಲಕ್ಕ ಆರುನೂರು!" ಅಂತ ಬರಕೊಂಡು, ಡಾಕ್ಟರಿಗೆ ಫೋನ್ ಹಚ್ಚಾಕ ಓಡಿದ್ಲು. ವಾರ್ಡಿನ ಮಂದಿ ಎಲ್ಲಾ ಎದ್ದು ಕುಂತು ನೋಡಾಕತ್ತಿದ್ರು. ನನ್ನ ಕಣ್ಣಾಗ ನೀರು ಧಾರಾಕಾರ ಇಳೀತಿತ್ತು, ಒರಸಿಕೊಳ್ಳಾಕ ಕೈ ಖಾಲಿ ಇರಲಿಲ್ಲ. ಜಗ್ ಎದಿಗೆ ಅವಚಿ ಹಿಡದಿದ್ದೆ.

"ಯವ್ವಾ, ಅದನ್ನ ಕೆಳಗಿಡು ಬೇ," ಸುವರ್ಣಾ ನಾಚಿಕಿಂದ ಪಿಸುಗುಟ್ಟಿದ್ಲು. "ಮಂದಿ ನೋಡಾಕತ್ತಾರ."

"ನೋಡ್ಲಿ," ಅಂದೆ.